ಕಂಪ್ಯೂಟರ್ ಸೈನ್ಸ್ ಪದವಿಯೊಳಗೆ ಎಚ್‌ಸಿಐ ಓದುವವರು ಅಗತ್ಯಗಳ ಪಟ್ಟಿಯನ್ನು ಕೊನೆಯಿಂದ ಓದಬೇಕು

ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿ, ಅದರೊಳಗೆ ಮಾನವ-ಕಂಪ್ಯೂಟರ್ ಸಂವಹನವನ್ನು, ಅಂದರೆ ರೂಢಿಯಲ್ಲಿ ಎಚ್‌ಸಿಐ ಎಂದು ಕರೆಯುವ ಶಾಖೆಯನ್ನು ವಿಶೇಷವಾಗಿ ಓದಬೇಕೆಂದಿರುವ ವಿದ್ಯಾರ್ಥಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ವಿಭಾಗ ಪ್ರಕಟಿಸುವ ಪದವಿ ಅಗತ್ಯಗಳ ಪಟ್ಟಿ. ಹೆಚ್ಚಿನವರು ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಏನಿದೆ, ಎರಡನೆಯದರಲ್ಲಿ ಏನಿದೆ ಎಂದು ನೋಡಿ, ಉಳಿದದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಮಡಿಚಿಡುತ್ತಾರೆ. ಬೇರೆ ಶಾಖೆಗಳಲ್ಲಿ ಹೀಗೆ ಮಾಡಿದರೂ ದೊಡ್ಡ ನಷ್ಟವಾಗದಿರಬಹುದು. ಅಲ್ಲಿ ಬೇಕಾದ ಕೋರ್ಸುಗಳೆಲ್ಲ ಬಹುಮಟ್ಟಿಗೆ ಒಂದೇ ವಿಭಾಗದಲ್ಲಿದ್ದು, ವಿಭಾಗವೇ ಅವುಗಳನ್ನು ಸಾಲಾಗಿ ಜೋಡಿಸಿ ಕೊಟ್ಟಿರುತ್ತದೆ. ಎಚ್‌ಸಿಐಗೆ ಬೇಕಾದ ಕೋರ್ಸುಗಳು ಮಾತ್ರ ಕಂಪ್ಯೂಟರ್ ಸೈನ್ಸ್, ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ವಿನ್ಯಾಸ ಎಂದು ಮೂರು ನಾಲ್ಕು ವಿಭಾಗಗಳಲ್ಲಿ ಹಂಚಿಹೋಗಿರುತ್ತವೆ. ಒಂದೊಂದಕ್ಕೂ ಮೊದಲೇ ಮುಗಿಸಿರಬೇಕಾದ ಕೋರ್ಸುಗಳು ಬೇರೆ, ಸೀಟಿನ ಮಿತಿ ಬೇರೆ, ನಡೆಯುವ ಸೆಮಿಸ್ಟರ್ ಬೇರೆ. ಆದ್ದರಿಂದ ಈ ಪಟ್ಟಿಯನ್ನು ಅಂತಿಮ ವರ್ಷದ ಪ್ರಾಜೆಕ್ಟಿನಿಂದ ಹಿಡಿದು ಹಿಂದಕ್ಕೆ ಓದುವುದು ಲೇಸು. ಕೊನೆಯಲ್ಲಿ ಏನು ಮಾಡಬೇಕಾಗುತ್ತದೆ, ಅದಕ್ಕೆ ಮೊದಲು ಏನು ಗೊತ್ತಿರಬೇಕು, ಅದನ್ನು ಕಲಿಯಲು ಅದಕ್ಕೂ ಮೊದಲು ಏನು ಮುಗಿದಿರಬೇಕು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದರೆ ಮೊದಲ ವರ್ಷದ ವೇಳಾಪಟ್ಟಿ ಬಹುಪಾಲು ತಾನಾಗಿಯೇ ತುಂಬುತ್ತದೆ.

ಶಾಖೆಯ ವ್ಯಾಪ್ತಿ

ಕಂಪ್ಯೂಟಿಂಗ್ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವಾದ ಎಸಿಎಂನ ವಿಶೇಷ ಆಸಕ್ತಿ ಗುಂಪಾದ ಸಿಗ್‌ಕೈ 1992ರಲ್ಲಿ ಎಚ್‌ಸಿಐ ಬೋಧನೆಗಾಗಿ ಒಂದು ಪಠ್ಯಕ್ರಮ ವರದಿಯನ್ನು ಹೊರತಂದಿತು. ಜನರ ಬಳಕೆಗೆಂದು ಇರುವ ಸಂವಾದಾತ್ಮಕ ಕಂಪ್ಯೂಟರ್ ವ್ಯವಸ್ಥೆಗಳನ್ನು ವಿನ್ಯಾಸಗೊಳಿಸುವುದು, ಮೌಲ್ಯಮಾಪನ ಮಾಡುವುದು, ಕಟ್ಟುವುದು ಹಾಗೂ ಅವುಗಳ ಸುತ್ತ ನಡೆಯುವ ಮುಖ್ಯ ವಿದ್ಯಮಾನಗಳನ್ನು ಅಧ್ಯಯನ ಮಾಡುವುದು ಈ ಶಾಖೆಯ ಕೆಲಸವೆಂದು ಅದು ಹೇಳಿತು. ಕೋರ್ಸ್ ಆರಿಸುವವರಿಗೆ ಈ ವ್ಯಾಖ್ಯೆ ಇವತ್ತಿಗೂ ಒಳ್ಳೆಯ ಅಳತೆಗೋಲು. ವಿನ್ಯಾಸಕ್ಕೆ ಸ್ಟುಡಿಯೋ ಮಾದರಿಯ ಕೋರ್ಸುಗಳು ಬೇಕು, ಮೌಲ್ಯಮಾಪನಕ್ಕೆ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ ಬೇಕು, ಕಟ್ಟುವುದಕ್ಕೆ ಪ್ರೋಗ್ರಾಮಿಂಗ್ ಬೇಕು, ವಿದ್ಯಮಾನಗಳ ಅಧ್ಯಯನಕ್ಕೆ ಮನಃಶಾಸ್ತ್ರವೋ ಸಮಾಜಶಾಸ್ತ್ರವೋ ಬೇಕು. ನೀವು ಆರಿಸಿದ ಕೋರ್ಸುಗಳನ್ನು ಈ ನಾಲ್ಕು ಕಡೆ ಹಾಕಿ ನೋಡಿದಾಗ ಯಾವುದಾದರೂ ಒಂದು ಕಡೆ ಏನೂ ಬೀಳದಿದ್ದರೆ ಯೋಜನೆಯಲ್ಲಿ ತೂತಿದೆ ಎಂದು ತಿಳಿಯಬಹುದು.

ಸಾಮಾನ್ಯ ಕಂಪ್ಯೂಟರ್ ಸೈನ್ಸ್ ಪದವಿಯೊಂದೇ ಈ ತೂತನ್ನು ಮುಚ್ಚಿಕೊಡುತ್ತದೆ ಎಂದು ನಂಬುವಂತಿಲ್ಲ. ಎಸಿಎಂ ಮತ್ತು ಎಂಜಿನಿಯರುಗಳ ಸಂಘವಾದ ಐಇಇಇಯ ಕಂಪ್ಯೂಟರ್ ಸೊಸೈಟಿ ಜಂಟಿಯಾಗಿ 2013ರಲ್ಲಿ ಪ್ರಕಟಿಸಿದ ಪದವಿ ಪಠ್ಯಕ್ರಮದ ಮಾರ್ಗಸೂಚಿಯು ಜ್ಞಾನಕ್ಷೇತ್ರಗಳನ್ನು 18 ಎಂದು ವಿಂಗಡಿಸಿ, ಒಂದೊಂದಕ್ಕೂ ತರಗತಿಯಲ್ಲಿ ಕಡ್ಡಾಯವಾಗಿ ಬೇಕಾದ ಪಾಠದ ಗಂಟೆಗಳನ್ನು ಸೂಚಿಸಿತ್ತು. ಅದರಲ್ಲಿ ತರ್ಕ, ಗಣಗಳಂಥ ವಿಷಯಗಳ ಡಿಸ್ಕ್ರೀಟ್ ಗಣಿತಕ್ಕೆ ಎರಡು ಹಂತಗಳಲ್ಲಿ ಒಟ್ಟು 41 ಗಂಟೆಗಳಿದ್ದರೆ, ಎಚ್‌ಸಿಐಗೆ ಇದ್ದದ್ದು 8 ಗಂಟೆ ಮಾತ್ರ. ಎಂಟು ಗಂಟೆಯೆಂದರೆ ಒಂದು ಕೋರ್ಸಿನ ಎರಡು ಮೂರು ವಾರದ ಪಾಠ. ಕಡ್ಡಾಯ ವಿಷಯಗಳನ್ನು ಪಾಸು ಮಾಡಿದ ಮಾತ್ರಕ್ಕೆ ಎಚ್‌ಸಿಐ ಓದಿದಂತಾಗುವುದಿಲ್ಲ. ಆ ಪದವಿಯ ನಿಜವಾದ ರೂಪ ತೀರ್ಮಾನವಾಗುವುದು ಐಚ್ಛಿಕ ವಿಷಯಗಳ ಆಯ್ಕೆಯಲ್ಲಿ.

ಯಾವ ಹೆಸರಿನಲ್ಲಿ ಸಿಗುತ್ತದೆ

ವಿಶ್ವವಿದ್ಯಾಲಯಗಳು ಇದನ್ನು ಬೇರೆ ಬೇರೆ ರೂಪದಲ್ಲಿ ಕೊಡುತ್ತವೆ. ಕೆಲವೆಡೆ ಅದು ಕಂಪ್ಯೂಟರ್ ಸೈನ್ಸ್ ಪದವಿಯೊಳಗಿನ ಒಂದು ಟ್ರ್ಯಾಕ್, ಅಂದರೆ ವಿಶೇಷ ಅಧ್ಯಯನದ ದಾರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಹಾಗೆಯೇ ಇದೆ. ಜಾರ್ಜಿಯಾ ಟೆಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ 'ಥ್ರೆಡ್' ಎಂದು ಕರೆಯುವ ಗುಚ್ಛಗಳಲ್ಲಿ ಎರಡನ್ನು ಆರಿಸಿಕೊಳ್ಳಬೇಕು. 'ಪೀಪಲ್' ಅವುಗಳಲ್ಲೊಂದು, ಎಚ್‌ಸಿಐ ಓದುವವರಿಗೆ ಸಹಜವಾಗಿ ಒಗ್ಗುವುದು ಅದೇ. ಕಾರ್ನೆಗೀ ಮೆಲನ್‌ನಲ್ಲಿ 1994ರಲ್ಲಿ ಸ್ಥಾಪನೆಯಾದ, ಎಚ್‌ಸಿಐಗಾಗಿಯೇ ಇರುವ ಸಂಸ್ಥೆ ಪದವಿ ಮಟ್ಟದಲ್ಲಿಯೂ ಪಾಠ ಮಾಡುತ್ತದೆ. ಮತ್ತೆ ಕೆಲವೆಡೆ ಅದು ಮೈನರ್, ಅಂದರೆ ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ, ಆಗಿರುತ್ತದೆ. ಅನೇಕ ಕಡೆ ಅದಕ್ಕೊಂದು ಹೆಸರೇ ಇರುವುದಿಲ್ಲ, ಅಂತಿಮ ವರ್ಷದಲ್ಲಿ ಒಂದೋ ಎರಡೋ ಐಚ್ಛಿಕ ಕೋರ್ಸುಗಳಿರುತ್ತವೆ ಅಷ್ಟೇ.

ಹೆಸರಿದ್ದರೆ ಅನುಕೂಲ ನಿಜ. ಆದರೆ ಹೆಸರೊಂದನ್ನೇ ನೋಡಿ ಸೇರಬೇಡಿ ಎನ್ನುವುದು ನನ್ನ ಅಭಿಪ್ರಾಯ. ಟ್ರ್ಯಾಕ್ ಇದೆಯೆಂದು ಹೇಳುವ ವಿಭಾಗದಲ್ಲಿ ಅದಕ್ಕೆಂದೇ ಇರುವ ಅಧ್ಯಾಪಕರು ಎಷ್ಟು ಮಂದಿ, ಪಟ್ಟಿಯಲ್ಲಿರುವ ಉನ್ನತ ಕೋರ್ಸುಗಳು ಕಳೆದ ಎರಡು ವರ್ಷಗಳಲ್ಲಿ ನಿಜಕ್ಕೂ ನಡೆದಿವೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಹಳೆಯ ಸೆಮಿಸ್ಟರುಗಳ ವೇಳಾಪಟ್ಟಿ ಸಾಮಾನ್ಯವಾಗಿ ಯಾರು ಬೇಕಾದರೂ ನೋಡಲು ಸಿಗುತ್ತದೆ. ಕೈಪಿಡಿಯಲ್ಲಿ ಆರು ಕೋರ್ಸುಗಳಿದ್ದು, ವೇಳಾಪಟ್ಟಿಯಲ್ಲಿ ಎರಡೇ ಕಂಡರೆ ನಿಮಗೆ ಸಿಗುವುದೂ ಎರಡೇ.

ಪದವಿ ಪತ್ರದಲ್ಲಿ ಅಥವಾ ಅಂಕಪಟ್ಟಿಯಲ್ಲಿ ಟ್ರ್ಯಾಕಿನ ಹೆಸರು ಅಚ್ಚಾಗುತ್ತದೆಯೇ ಎಂದೂ ಕೇಳಿಕೊಳ್ಳಿ. ಅಚ್ಚಾಗದಿದ್ದರೆ ಅದರಿಂದ ಪದವಿಯ ಬೆಲೆಯೇನೂ ಕುಗ್ಗುವುದಿಲ್ಲ, ಆದರೆ ನೀವು ಏನು ಓದಿದಿರಿ ಎಂಬುದನ್ನು ಹೊರಗಿನವರಿಗೆ ತೋರಿಸುವ ಭಾರ ನಿಮ್ಮ ಪ್ರಾಜೆಕ್ಟುಗಳ ಮೇಲೆ ಬೀಳುತ್ತದೆ.

ಕ್ರೆಡಿಟ್ಟಿನ ಲೆಕ್ಕ

ಅಮೆರಿಕದ ನಾಲ್ಕು ವರ್ಷದ ಪದವಿಗೆ ಸೆಮಿಸ್ಟರ್ ಪದ್ಧತಿಯಲ್ಲಿ ಸಾಮಾನ್ಯವಾಗಿ 120 ಕ್ರೆಡಿಟ್, ವರ್ಷಕ್ಕೆ ಮೂರು ಅವಧಿಗಳ ಕ್ವಾರ್ಟರ್ ಪದ್ಧತಿಯಲ್ಲಿ 180 ಕ್ರೆಡಿಟ್ ಬೇಕಾಗುತ್ತದೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಮೂರು ವರ್ಷದ ಪದವಿಗೆ 180, ನಾಲ್ಕು ವರ್ಷದ್ದಕ್ಕೆ 240. ಒಂದು ಪದ್ಧತಿಯ 180 ಮತ್ತೊಂದರ 180 ಆಗಿರುವುದಿಲ್ಲ ಎಂಬುದು ಹೊರದೇಶದ ಕಾಲೇಜುಗಳನ್ನು ಹೋಲಿಸುವವರ ಗಮನದಲ್ಲಿರಲಿ.

120 ಕ್ರೆಡಿಟ್ಟಿನ ಪದವಿಯನ್ನು ಮೂರು ಕ್ರೆಡಿಟ್ಟಿನ ಕೋರ್ಸುಗಳಾಗಿ ಒಡೆದರೆ ನಲವತ್ತು ಕೋರ್ಸುಗಳಾಗುತ್ತವೆ. ಅವುಗಳಲ್ಲಿ ಕಂಪ್ಯೂಟರ್ ಸೈನ್ಸಿನ ಕಡ್ಡಾಯ ವಿಷಯಗಳು, ಗಣಿತ, ಪ್ರಯೋಗಶಾಲೆಯಿರುವ ವಿಜ್ಞಾನ, ಬರವಣಿಗೆ ಮತ್ತು ಮಾನವಿಕ ವಿಷಯಗಳ ಸಾಮಾನ್ಯ ಶಿಕ್ಷಣ ಇವೆಲ್ಲವನ್ನು ಕಳೆದ ಮೇಲೆ ನಿಮ್ಮ ಇಚ್ಛೆಗೆ ಉಳಿಯುವ ಕೋರ್ಸುಗಳು ಕೆಲವೇ. ಈ ಉಳಿಕೆಯನ್ನು ಹಿಗ್ಗಿಸುವ ದಾರಿಯೊಂದಿದೆ. ಸಾಮಾನ್ಯ ಶಿಕ್ಷಣದ ಅಡಿಯಲ್ಲಿ ಯಾವುದಾದರೂ ಒಂದು ಸಮಾಜವಿಜ್ಞಾನ ತೆಗೆದುಕೊಳ್ಳಲೇಬೇಕು ಎಂದಿದ್ದರೆ ಮನಃಶಾಸ್ತ್ರ ಪ್ರವೇಶಿಕೆಯನ್ನೇ ತೆಗೆದುಕೊಳ್ಳಿ. ಗಣಿತದ ಅಡಿಯಲ್ಲಿ ಸಂಖ್ಯಾಶಾಸ್ತ್ರವನ್ನು ಒಪ್ಪುತ್ತಾರಾದರೆ ಅದನ್ನೇ ಆರಿಸಿ. ಹೇಗೂ ತುಂಬಬೇಕಾದ ಖಾನೆಯನ್ನು ಎಚ್‌ಸಿಐಗೆ ಬೇಕಾದ ಕೋರ್ಸಿನಿಂದಲೇ ತುಂಬಿದರೆ ಐಚ್ಛಿಕ ಖಾನೆಗಳು ಉನ್ನತ ಕೋರ್ಸುಗಳಿಗೆ ಮಿಗುತ್ತವೆ. ಒಂದು ಕೋರ್ಸನ್ನು ಎರಡು ಅಗತ್ಯಗಳಿಗೆ ಲೆಕ್ಕ ಹಿಡಿಯಲು ಬಿಡುತ್ತಾರೆಯೇ ಎಂಬುದು ಆಯಾ ವಿಶ್ವವಿದ್ಯಾಲಯದ ನಿಯಮ. ಮೈನರ್ ಮಾಡುವವರಿಗೆ ಈ ನಿಯಮ ಹೆಚ್ಚು ಬಿಗಿಯಾಗಿರುವುದುಂಟು.

ಬುನಾದಿಯನ್ನು ತಪ್ಪಿಸಿಕೊಳ್ಳುವಂತಿಲ್ಲ

ಕೋಡ್ ಬರೆಯುವುದು ಹಿಡಿಸದವರು ಎಚ್‌ಸಿಐಗೆ ಬರಬಹುದು ಎಂಬ ಮಾತು ವಿದ್ಯಾರ್ಥಿಗಳ ನಡುವೆ ಆಗಾಗ ಕೇಳಿಬರುತ್ತದೆ. ಕಂಪ್ಯೂಟರ್ ಸೈನ್ಸ್ ಪದವಿಯೊಳಗಿನ ಎಚ್‌ಸಿಐ ಮಟ್ಟಿಗೆ ಈ ಮಾತು ತಪ್ಪು. ಪ್ರೋಗ್ರಾಮಿಂಗಿನ ಎರಡು ಕೋರ್ಸುಗಳು, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಬಗೆ), ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಗಳು), ಡಿಸ್ಕ್ರೀಟ್ ಗಣಿತ, ಕಂಪ್ಯೂಟರ್ ವ್ಯವಸ್ಥೆಗಳ ಒಂದು ಕೋರ್ಸ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಇವು ಎಲ್ಲ ಟ್ರ್ಯಾಕುಗಳಿಗೂ ಸಾಮಾನ್ಯವಾಗಿ ಸಮಾನ. ಅವು ಇಲ್ಲಿ ಬೇಕಾಗುವುದಕ್ಕೆ ಕಾರಣಗಳೂ ಇವೆ. ಇವಾನ್ ಸದರ್ಲೆಂಡ್ ಎಂಐಟಿಯಲ್ಲಿ 1963ರಲ್ಲಿ ತನ್ನ ಪ್ರಬಂಧದ ಮೂಲಕ ಮುಂದಿಟ್ಟ 'ಸ್ಕೆಚ್‌ಪ್ಯಾಡ್' ಪರದೆಯ ಮೇಲೆ ಲೈಟ್ ಪೆನ್ನಿನಿಂದ ನೇರವಾಗಿ ಗೆರೆ ಎಳೆಯಲು ಅವಕಾಶ ಕೊಟ್ಟಿತು. ಅದರ ಹಿಂದೆ ಇದ್ದದ್ದು ಆಕೃತಿಗಳ ಭಾಗಗಳನ್ನು ಒಂದಕ್ಕೊಂದು ಜೋಡಿಸಿಡುವ ಹೊಸ ಬಗೆಯ ಡೇಟಾ ಸ್ಟ್ರಕ್ಚರ್ ಮತ್ತು 'ಈ ಎರಡು ಗೆರೆಗಳು ಸಮಾನಾಂತರವಾಗಿರಬೇಕು' ಎಂಬಂಥ ನಿರ್ಬಂಧಗಳನ್ನು ಲೆಕ್ಕ ಹಾಕಿ ಪೂರೈಸುವ ವಿಧಾನ. ಬಳಸುವವನ ಕಣ್ಣಿಗೆ ಸರಳವಾಗಿ ಕಂಡದ್ದು ಒಳಗಿನ ಆ ಕೆಲಸದ ಫಲ.

ಇವತ್ತಿನ ಚಿಕ್ಕ ಉದಾಹರಣೆಯನ್ನೇ ನೋಡಿ. ಗುಂಡಿ ಒತ್ತಿದ ಮೇಲೆ ಸುಮಾರು 0.1 ಸೆಕೆಂಡಿನೊಳಗೆ ಪರದೆ ಬದಲಾದರೆ ಅದು ತಕ್ಷಣವೇ ಆಯಿತು ಎಂದು ಬಳಕೆದಾರನಿಗೆ ಅನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ಕಡಿಯುತ್ತದೆ. 10 ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಹತ್ತು ಸಾವಿರ ಹೆಸರುಗಳ ಪಟ್ಟಿಯಲ್ಲಿ ಹುಡುಕುವ ಪೆಟ್ಟಿಗೆಯನ್ನು ಕಟ್ಟುವಾಗ, ಒಂದೊಂದು ಅಕ್ಷರ ಒತ್ತಿದಾಗಲೂ ಈ 0.1 ಸೆಕೆಂಡಿನ ಒಳಗೆ ಉತ್ತರ ತೋರಿಸಬೇಕೆಂದರೆ ಯಾವ ಡೇಟಾ ಸ್ಟ್ರಕ್ಚರ್ ಬೇಕು, ಯಾವ ಕೆಲಸವನ್ನು ಹಿನ್ನೆಲೆಗೆ ತಳ್ಳಬೇಕು ಎಂಬುದು ಎರಡನೆಯ ವರ್ಷದ ಪಾಠ. ಅದನ್ನು ಅರೆಮನಸ್ಸಿನಿಂದ ಓದಿದವರ ಪ್ರೊಟೊಟೈಪ್ ಚಿತ್ರದಲ್ಲಿ ಚೆನ್ನಾಗಿದ್ದು, ಕೈಯಲ್ಲಿ ಹಿಡಿದಾಗ ತಡವರಿಸುತ್ತದೆ.

ಸಂಖ್ಯಾಶಾಸ್ತ್ರ ಬೇಗ ಮುಗಿಯಲಿ

ಇಡೀ ಯೋಜನೆಯಲ್ಲಿ ಒಂದೇ ಒಂದು ಸಲಹೆ ಕೊಡಲು ಅವಕಾಶವಿದ್ದರೆ ನಾನು ಇದನ್ನೇ ಕೊಡುವೆ: ಸಂಖ್ಯಾಶಾಸ್ತ್ರದ ಕೋರ್ಸನ್ನು ಎರಡನೆಯ ವರ್ಷದ ಕೊನೆಯೊಳಗೆ ಮುಗಿಸಿ. ಬಹಳ ಮಂದಿ ಅದನ್ನು ಒಣ ವಿಷಯವೆಂದು ಮುಂದೂಡುತ್ತಾರೆ. ಅಂತಿಮ ವರ್ಷದಲ್ಲಿ, ಪ್ರಾಜೆಕ್ಟಿಗಾಗಿ ಹನ್ನೆರಡು ಜನರನ್ನು ಕೂರಿಸಿ, ತಾವು ಕಟ್ಟಿದ್ದನ್ನು ಬಳಸಿಸಿ ಪರೀಕ್ಷೆ ನಡೆಸಿದ ಮೇಲೆ ಕೈಯಲ್ಲಿರುವ ಅಂಕಿಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೂರುತ್ತಾರೆ. ಆ ಹೊತ್ತಿಗೆ ಪರೀಕ್ಷೆಯ ವಿನ್ಯಾಸದಲ್ಲೇ ಆದ ತಪ್ಪನ್ನು ತಿದ್ದಲು ಯಾವ ಸೂತ್ರಕ್ಕೂ ಆಗುವುದಿಲ್ಲ.

ತಪ್ಪು ಎಲ್ಲಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಒಂದು ಆ್ಯಪಿನ ಹಳೆಯ ಮೆನು ಮತ್ತು ಹೊಸ ಮೆನುಗಳಲ್ಲಿ ಯಾವುದು ವೇಗವಾಗಿದೆ ಎಂದು ತಿಳಿಯಬೇಕಾಗಿದೆ ಎನ್ನೋಣ. ಹನ್ನೆರಡು ಮಂದಿಯೂ ಮೊದಲು ಹಳೆಯ ಮೆನುವಿನಲ್ಲಿ, ಬಳಿಕ ಹೊಸದರಲ್ಲಿ ಅದೇ ಕೆಲಸ ಮಾಡಿದರೆ ಹೊಸದು ಗೆಲ್ಲುವ ಸಂಭವವೇ ಹೆಚ್ಚು, ಏಕೆಂದರೆ ಎರಡನೆಯ ಸಲಕ್ಕೆ ಕೆಲಸವೇ ರೂಢಿಯಾಗಿರುತ್ತದೆ. ಅದಕ್ಕಾಗಿ ಆರು ಮಂದಿ ಹಳೆಯದರಿಂದ, ಆರು ಮಂದಿ ಹೊಸದರಿಂದ ಆರಂಭಿಸಬೇಕು. ಮೂರು ಮೆನುಗಳಿದ್ದರೆ ಆರು ಬಗೆಯ ಕ್ರಮಗಳಾಗುತ್ತವೆ, ಹನ್ನೆರಡು ಮಂದಿಯಲ್ಲಿ ಕ್ರಮಕ್ಕೆ ಇಬ್ಬರಂತೆ ಸರಿಹೋಗುತ್ತದೆ. ನಾಲ್ಕಾದರೆ ಕ್ರಮಗಳು ಇಪ್ಪತ್ತನಾಲ್ಕಾಗಿಬಿಡುತ್ತವೆ; ಆಗ ಲ್ಯಾಟಿನ್ ಚೌಕ ಎಂಬ ಜೋಡಣೆಯಿಂದ ನಾಲ್ಕೇ ಕ್ರಮಗಳಲ್ಲಿ ಪ್ರತಿಯೊಂದು ಮೆನುವೂ ಪ್ರತಿಯೊಂದು ಸ್ಥಾನದಲ್ಲಿ ಒಮ್ಮೆ ಬರುವಂತೆ ಮಾಡಿಕೊಳ್ಳುತ್ತಾರೆ.

ಇನ್ನು ಅಂಕಿಗಳು. ಹನ್ನೊಂದು ಮಂದಿ 20 ಸೆಕೆಂಡಿನಲ್ಲಿ ಕೆಲಸ ಮುಗಿಸಿ, ಒಬ್ಬರು ದಾರಿ ತಪ್ಪಿ 92 ಸೆಕೆಂಡ್ ತೆಗೆದುಕೊಂಡರೆ ಸರಾಸರಿ 26 ಸೆಕೆಂಡ್ ಬರುತ್ತದೆ. ಆ ಕೋಣೆಯಲ್ಲಿ ಯಾರೊಬ್ಬರೂ 26 ಸೆಕೆಂಡ್ ತೆಗೆದುಕೊಂಡಿರಲಿಲ್ಲ. ಕೆಲಸದ ಅವಧಿಯ ಅಂಕಿಗಳು ಹೀಗೆ ಒಂದು ಕಡೆಗೆ ಬಾಲ ಚಾಚುವುದು ಸಾಮಾನ್ಯ. ಮಧ್ಯಾಂಕವನ್ನು, ಅಂದರೆ ಅಂಕಿಗಳನ್ನು ಸಾಲಾಗಿಟ್ಟಾಗ ನಟ್ಟನಡುವೆ ಬೀಳುವ ಬೆಲೆಯನ್ನು, ಯಾವಾಗ ಹೇಳಬೇಕು, ಲಾಗರಿದಮ್ ತೆಗೆದು ಹೋಲಿಸುವುದು ಯಾವಾಗ, ಅದೇ ಜನರು ಎರಡೂ ಮೆನು ಬಳಸಿದಾಗ ಒಬ್ಬೊಬ್ಬರ ಎರಡು ಅಂಕಿಗಳ ಅಂತರವನ್ನು ನೋಡುವ ಜೋಡಿ ಟಿ-ಪರೀಕ್ಷೆಯನ್ನೇ ಏಕೆ ಬಳಸಬೇಕು ಎಂಬುದೆಲ್ಲ ತಿಳಿದಿರಬೇಕಾದದ್ದು ಪರೀಕ್ಷೆ ನಡೆಸುವ ಮೊದಲು. ದಾರಿ ತಪ್ಪಿದ ಆ ಒಬ್ಬರನ್ನು ಲೆಕ್ಕದಿಂದ ತೆಗೆದುಹಾಕುವ ಆಸೆ ಬರುತ್ತದೆ. ಮೆನುವಿನ ದೋಷವನ್ನು ತೋರಿಸಿಕೊಟ್ಟವರೇ ಅವರಾಗಿರಬಹುದು.

ಕಂಪ್ಯೂಟರ್ ಸೈನ್ಸ್ ವಿಭಾಗಗಳು ಕೇಳುವ ಗಣಿತದ ಸಂಭವನೀಯತಾ ಕೋರ್ಸ್ ಮತ್ತು ಮನಃಶಾಸ್ತ್ರ ವಿಭಾಗ ಕಲಿಸುವ ಸಂಶೋಧನಾ ಸಂಖ್ಯಾಶಾಸ್ತ್ರ ಎರಡೂ ಒಂದೇ ಅಲ್ಲ. ಮೊದಲನೆಯದು ವಿತರಣೆಗಳ ಗುಣಗಳನ್ನು ಸಿದ್ಧಮಾಡಿ ತೋರಿಸುತ್ತದೆ, ಎರಡನೆಯದು ಪ್ರಯೋಗವನ್ನು ಹೇಗೆ ನಡೆಸಬೇಕೆಂದು ಕಲಿಸುತ್ತದೆ. ಎರಡಕ್ಕೂ ಜಾಗವಿದ್ದರೆ ಎರಡನ್ನೂ ಓದಿ. ಒಂದಕ್ಕೇ ಜಾಗವಿದ್ದರೆ, ವಿಭಾಗ ಒಪ್ಪುವುದಾದರೆ, ಎರಡನೆಯದು ಈ ಶಾಖೆಗೆ ಹೆಚ್ಚು ಹತ್ತಿರ.

ಮನಃಶಾಸ್ತ್ರ: ಪ್ರವೇಶಿಕೆ ಸಾಲದು

ಮನಃಶಾಸ್ತ್ರದ ಪ್ರವೇಶಿಕೆ ಬೇಕೇ ಬೇಕು, ಅದು ಮುಂದಿನ ಕೋರ್ಸುಗಳ ಬಾಗಿಲು. ಬಾಗಿಲಿನಲ್ಲೇ ನಿಲ್ಲದೆ ಸಂಜ್ಞಾನ ಮನಃಶಾಸ್ತ್ರದ, ಅಂದರೆ ಗಮನ, ನೆನಪು, ಗ್ರಹಿಕೆಗಳನ್ನು ಕುರಿತ ಕೋರ್ಸನ್ನೂ ಸೇರಿಸಿಕೊಳ್ಳಿ. ಎಚ್‌ಸಿಐನ ಮೊದಲ ಲೆಕ್ಕಾಚಾರದ ಸಾಧನಗಳು ಬಂದದ್ದು ಅಲ್ಲಿಂದಲೇ.

ಪಾಲ್ ಫಿಟ್ಸ್ 1954ರಲ್ಲಿ ಪ್ರಕಟಿಸಿದ ನಿಯಮ ಕೈ ಒಂದು ಗುರಿಯನ್ನು ಮುಟ್ಟಲು ತೆಗೆದುಕೊಳ್ಳುವ ಕಾಲವನ್ನು ದೂರ ಮತ್ತು ಗುರಿಯ ಅಗಲಗಳಿಂದ ಲೆಕ್ಕ ಹಾಕುತ್ತದೆ. ದೂರವನ್ನು ಎರಡರಿಂದ ಗುಣಿಸಿ, ಅಗಲದಿಂದ ಭಾಗಿಸಿ, ಎರಡನ್ನು ಆಧಾರವಾಗಿಟ್ಟು ಲಾಗರಿದಮ್ ತೆಗೆದರೆ ಕಷ್ಟದ ಸೂಚ್ಯಂಕ ಸಿಗುತ್ತದೆ. ಮೌಸಿನ ಬಾಣ 512 ಪಿಕ್ಸೆಲ್ ದೂರದಲ್ಲಿದ್ದು ಗುಂಡಿಯ ಅಗಲ 32 ಪಿಕ್ಸೆಲ್ ಇದ್ದರೆ, 1024ನ್ನು 32ರಿಂದ ಭಾಗಿಸಿದಾಗ 32 ಬರುತ್ತದೆ. ಸೂಚ್ಯಂಕ 5 ಬಿಟ್. ಗುಂಡಿಯ ಅಗಲವನ್ನು 64ಕ್ಕೆ ಏರಿಸಿದರೆ 4 ಬಿಟ್. ಅಗಲವನ್ನು ಹಾಗೆಯೇ ಬಿಟ್ಟು ದೂರವನ್ನು 256ಕ್ಕೆ ಇಳಿಸಿದರೂ 4 ಬಿಟ್. ಗುಂಡಿಯನ್ನು ಇಮ್ಮಡಿ ದೊಡ್ಡದು ಮಾಡುವುದೂ ಅರ್ಧ ದೂರಕ್ಕೆ ತರುವುದೂ ಕೈಯ ಮಟ್ಟಿಗೆ ಒಂದೇ ಲಾಭ ಎಂಬುದು ಇದರಿಂದ ತಿಳಿಯುತ್ತದೆ. ಪರದೆಯ ಅಂಚಿಗೆ ಅಂಟಿದ ಗುಂಡಿ ಬೇಗ ಸಿಗುವುದಕ್ಕೂ ಇದೇ ಕಾರಣ: ಬಾಣ ಅಂಚಿನಲ್ಲಿ ತಾನಾಗಿ ನಿಲ್ಲುವುದರಿಂದ ಆ ದಿಕ್ಕಿನಲ್ಲಿ ಗುರಿಯ ಅಗಲಕ್ಕೆ ಮಿತಿಯೇ ಇಲ್ಲದಂತಾಗುತ್ತದೆ.

ಸ್ಟುವರ್ಟ್ ಕಾರ್ಡ್, ಥಾಮಸ್ ಮೋರನ್, ಆಲನ್ ನ್ಯೂವೆಲ್ 1980ರಲ್ಲಿ ಮುಂದಿಟ್ಟ ಕೀಸ್ಟ್ರೋಕ್ ಮಟ್ಟದ ಮಾದರಿ ಇನ್ನೂ ನೇರವಾದದ್ದು. ನುರಿತ ಬಳಕೆದಾರನೊಬ್ಬ ಕೀ ಒತ್ತಲು ಸುಮಾರು 0.2 ಸೆಕೆಂಡ್, ಮೌಸಿನಿಂದ ಗುರಿ ಹಿಡಿಯಲು 1.1, ಕೈಯನ್ನು ಕೀಬೋರ್ಡಿನಿಂದ ಮೌಸಿಗೆ ಒಯ್ಯಲು 0.4, ಮನಸ್ಸಿನಲ್ಲಿ ಸಿದ್ಧವಾಗಲು 1.35 ಸೆಕೆಂಡ್ ಬೇಕು ಎಂದು ಹಿಡಿಯುತ್ತಾರೆ. ಬರೆಯುತ್ತಿರುವ ಕಡತವನ್ನು ಉಳಿಸಲು ಎರಡು ಕೀಗಳ ಶಾರ್ಟ್‌ಕಟ್ ಒತ್ತಿದರೆ 1.35ಕ್ಕೆ 0.4 ಸೇರಿ 1.75 ಸೆಕೆಂಡ್. ಅದನ್ನೇ ಮೌಸಿನಿಂದ ಮೆನು ತೆರೆದು ಮಾಡಿದರೆ ಕೈ ಒಯ್ಯುವುದು, ಯೋಚಿಸುವುದು, ಮೆನುವಿಗೆ ಗುರಿ ಹಿಡಿದು ಒತ್ತುವುದು, ಆದೇಶಕ್ಕೆ ಗುರಿ ಹಿಡಿದು ಒತ್ತುವುದು, ಕೈ ಮರಳಿ ತರುವುದು ಎಲ್ಲ ಕೂಡಿ 4.75 ಸೆಕೆಂಡ್. ಮೂರು ಸೆಕೆಂಡಿನ ಈ ಅಂತರವನ್ನು ಒಂದು ಸಾಲು ಕೋಡ್ ಬರೆಯುವ ಮೊದಲೇ ಕಾಗದದ ಮೇಲೆ ಕಾಣಬಹುದು. ಶಾರ್ಟ್‌ಕಟ್ ಗೊತ್ತಿಲ್ಲದ ಹೊಸಬನ ವಿಷಯದಲ್ಲಿ ಈ ಮಾದರಿ ಮೌನವಾಗಿರುತ್ತದೆ ಎಂಬುದನ್ನೂ ಅದೇ ಪಾಠದಲ್ಲಿ ಕಲಿಯಬೇಕು.

ಜನರ ದಿನನಿತ್ಯದ ಕೆಲಸವನ್ನು ಅವರಿದ್ದಲ್ಲಿಗೇ ಹೋಗಿ ಗಮನಿಸುವ, ಸಂದರ್ಶನ ನಡೆಸುವ ಕ್ಷೇತ್ರಕಾರ್ಯದ ಕೋರ್ಸ್ ಸಮಾಜಶಾಸ್ತ್ರ ಅಥವಾ ಮಾನವಶಾಸ್ತ್ರ ವಿಭಾಗದಲ್ಲಿ ಸಿಕ್ಕಿದರೆ ಬಿಡಬೇಡಿ. ಅಂಕಿಗಳು ಎಷ್ಟು ಹೊತ್ತು ಹಿಡಿಯಿತೆಂದು ಹೇಳುತ್ತವೆ; ಏಕೆ ಹಿಡಿಯಿತೆಂದು ತಿಳಿಯಲು ಜನರ ಪಕ್ಕದಲ್ಲಿ ಕೂರಬೇಕು.

ವಿನ್ಯಾಸ ಮತ್ತು ಸುಲಭಲಭ್ಯತೆ

ವಿನ್ಯಾಸ ವಿಭಾಗದ ಸ್ಟುಡಿಯೋ ಕೋರ್ಸುಗಳಲ್ಲಿ ಮೊದಲ ಆದ್ಯತೆ ಆ ವಿಭಾಗದ ವಿದ್ಯಾರ್ಥಿಗಳಿಗೇ ಇರುತ್ತದೆ, ಸೀಟುಗಳೂ ಕಡಿಮೆ. ನೋಂದಣಿ ತೆರೆಯುವ ಮೊದಲೇ ಅಧ್ಯಾಪಕರಿಗೆ ಬರೆದು ಅನುಮತಿ ಕೇಳಿ. ಸಿಗದಿದ್ದರೆ ಕಂಪ್ಯೂಟರ್ ಸೈನ್ಸ್ ವಿಭಾಗದ್ದೇ ಆದ ಯೂಸರ್ ಇಂಟರ್‌ಫೇಸ್ ಕೋರ್ಸ್ ಆ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಸ್ಟುಡಿಯೋದಲ್ಲಿ ಕಲಿಯುವ ಮುಖ್ಯ ಸಂಗತಿ ಚಿತ್ರ ಬಿಡಿಸುವುದಲ್ಲ. ಒಂದೇ ಸಮಸ್ಯೆಗೆ ಐದಾರು ಪರಿಹಾರಗಳ ಕಚ್ಚಾ ಚಿತ್ರ ಬರೆದು ಗೋಡೆಗೆ ಅಂಟಿಸಿ, ಸಹಪಾಠಿಗಳು ತಪ್ಪು ತೋರಿಸುವಾಗ ಸಮರ್ಥಿಸಿಕೊಳ್ಳದೆ ಕೇಳಿಸಿಕೊಳ್ಳುವ ಅಭ್ಯಾಸ ಅಲ್ಲಿ ಬರುತ್ತದೆ. ಸರಿಯಾದ ಉತ್ತರ ಒಂದೇ ಎಂದು ಕಲಿತು ಬಂದ ಪ್ರೋಗ್ರಾಮರ್‌ಗೆ ಇದು ಮೊದಮೊದಲು ಕಸಿವಿಸಿಯೇ.

ಸುಲಭಲಭ್ಯತೆಯ ಕೋರ್ಸ್ ಪ್ರತ್ಯೇಕವಾಗಿ ಇಲ್ಲದಿದ್ದರೆ ವೆಬ್ ಕೋರ್ಸಿನ ಪ್ರಾಜೆಕ್ಟಿನಲ್ಲಿಯಾದರೂ ಅದನ್ನು ಸೇರಿಸಿಕೊಳ್ಳಿ. ಅಂಗವೈಕಲ್ಯವಿರುವವರೂ ಬಳಸುವಂತೆ ಜಾಲತಾಣಗಳನ್ನು ರೂಪಿಸಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ, ಅದರ 2.2ನೆಯ ಆವೃತ್ತಿ 2023ರಲ್ಲಿ ಬಂದಿತು. ಅದರ ಮಧ್ಯಮ ಹಂತದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಬಿಳಿಯ ಮೇಲೆ #777777 ಎಂಬ ಸಂಕೇತದ ಬೂದುಬಣ್ಣದ ಅಕ್ಷರವಿಟ್ಟರೆ ಸುಮಾರು 4.48:1 ಬಂದು ಕೂದಲೆಳೆಯಲ್ಲಿ ತಪ್ಪುತ್ತದೆ. #767676 ಆದರೆ ಪಾಸು. ಕಣ್ಣಿಗೆ ಎರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ.

ಅಂತಿಮ ಪ್ರಾಜೆಕ್ಟಿನಿಂದ ಹಿಂದಕ್ಕೆ

ಈಗ ಪಟ್ಟಿಯನ್ನು ಕೊನೆಯಿಂದ ಹಿಡಿಯೋಣ. ಅಂತಿಮ ಪ್ರಾಜೆಕ್ಟ್ ಎರಡು ಸೆಮಿಸ್ಟರಿನದು ಎಂದಿಟ್ಟುಕೊಳ್ಳಿ. ಎರಡನೆಯ ಸೆಮಿಸ್ಟರಿನ ಮಧ್ಯದಲ್ಲಿ ಜನರೊಂದಿಗೆ ಪರೀಕ್ಷೆ ನಡೆಯಬೇಕು. ಅದರ ಫಲಿತಾಂಶವನ್ನು ಪ್ರಕಟಿಸುವ ಉದ್ದೇಶವಿದ್ದರೆ ಮನುಷ್ಯರನ್ನು ಒಳಗೊಂಡ ಸಂಶೋಧನೆಗೆ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಅಮೆರಿಕದಲ್ಲಿ ಇಂಥ ಪರಿಶೀಲನೆಗೆ ತಾತ್ವಿಕ ತಳಹದಿ ಹಾಕಿದ 1979ರ ಬೆಲ್ಮಾಂಟ್ ವರದಿಯು ವ್ಯಕ್ತಿಗಳಿಗೆ ಗೌರವ, ಹಿತ, ನ್ಯಾಯ ಎಂಬ ಮೂರು ತತ್ವಗಳನ್ನು ಹೇಳಿತು. ಭಾಗವಹಿಸುವವರಿಂದ ಪಡೆಯುವ ಒಪ್ಪಿಗೆ ಪತ್ರದ ಬೇರು ಅವುಗಳಲ್ಲಿ ಮೊದಲನೆಯದು. ಅರ್ಜಿ ಬರೆಯುವುದು, ಸಮಿತಿ ಕೇಳಿದ ತಿದ್ದುಪಡಿ ಮಾಡುವುದು, ಮತ್ತೆ ಕಳಿಸುವುದು ಇವೆಲ್ಲ ವಾರಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಅರ್ಜಿ ಮೊದಲ ಸೆಮಿಸ್ಟರಿನಲ್ಲೇ ಹೋಗಬೇಕು. ಅರ್ಜಿಯಲ್ಲಿ ಎಷ್ಟು ಜನ, ಯಾವ ಕ್ರಮ, ಯಾವ ವಿಶ್ಲೇಷಣೆ ಎಂದು ಬರೆಯಬೇಕಾಗುತ್ತದೆ. ಅದಕ್ಕೆ ಸಂಶೋಧನಾ ವಿಧಾನದ ಕೋರ್ಸ್ ಮೂರನೆಯ ವರ್ಷದಲ್ಲೇ ಮುಗಿದಿರಬೇಕು. ಆ ಕೋರ್ಸಿಗೆ ಸಂಖ್ಯಾಶಾಸ್ತ್ರ ಮತ್ತು ಮನಃಶಾಸ್ತ್ರ ಪ್ರವೇಶಿಕೆ ಮೊದಲೇ ಆಗಿರಬೇಕು, ಅಂದರೆ ಎರಡನೆಯ ವರ್ಷ. ಎಚ್‌ಸಿಐ ಪ್ರವೇಶಿಕೆಗೆ ಎಷ್ಟೋ ಕಡೆ ಡೇಟಾ ಸ್ಟ್ರಕ್ಚರ್ ಮುಗಿದಿರಬೇಕು ಎನ್ನುತ್ತಾರೆ, ಅದಕ್ಕೆ ಪ್ರೋಗ್ರಾಮಿಂಗಿನ ಎರಡು ಕೋರ್ಸುಗಳು; ಅವು ಮೊದಲ ವರ್ಷ ತಪ್ಪಿದರೆ ಇಡೀ ಸಾಲು ಒಂದು ಸೆಮಿಸ್ಟರ್ ಹಿಂದಕ್ಕೆ ಸರಿಯುತ್ತದೆ.

ಇದನ್ನು ಒಂದು ಹಾಳೆಯ ಮೇಲೆ ಬಾಣದ ಗೆರೆಗಳಿಂದ ಬರೆಯಿರಿ. ಒಂದು ಕೋರ್ಸಿನಿಂದ ಹೊರಡುವ ಗೆರೆಗಳು ಎಷ್ಟಿವೆಯೋ ಅದನ್ನು ಮುಂದೂಡಿದರೆ ಆಗುವ ಹಾನಿ ಅಷ್ಟು. ಯಾವ ಗೆರೆಯೂ ಹೊರಡದ ಕೋರ್ಸುಗಳನ್ನು, ಉದಾಹರಣೆಗೆ ಮಾನವಿಕ ವಿಷಯದ ಅಗತ್ಯವನ್ನು, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಪ್ರೋಗ್ರಾಮಿಂಗಿನ ಭಾರವಿರುವ ಎರಡು ಕೋರ್ಸುಗಳ ಜೊತೆ ಸ್ಟುಡಿಯೋವನ್ನು ಒಂದೇ ಸೆಮಿಸ್ಟರಿನಲ್ಲಿ ಕೂಡಿಸದಿರುವುದು ಒಳಿತು, ಮೂರಕ್ಕೂ ರಾತ್ರಿಗಳು ಬೇಕಾಗುತ್ತವೆ.

ಟ್ರ್ಯಾಕ್ ಇಲ್ಲದ ಕಡೆ ಇರುವವರಿಗೂ ಇದೇ ಹಾಳೆ ಸಾಕು. ಅಂತಿಮ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡಲು ಒಪ್ಪುವ ಒಬ್ಬ ಅಧ್ಯಾಪಕರು, ಅವರು ಗ್ರಾಫಿಕ್ಸ್‌ನವರಾಗಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನವರಾಗಲಿ, ಸಿಕ್ಕಿದರೆ ಉಳಿದದ್ದನ್ನು ಐಚ್ಛಿಕ ಕೋರ್ಸುಗಳಿಂದ ಕಟ್ಟಿಕೊಳ್ಳಬಹುದು.

ಸಲಹೆಗಾರರ ಬಳಿ ಹೋಗುವಾಗ

ಹಾಳೆಯನ್ನು ಹಿಡಿದುಕೊಂಡೇ ಹೋಗಿ. 'ನಾನು ಏನು ತೆಗೆದುಕೊಳ್ಳಲಿ' ಎಂದು ಕೇಳುವವರಿಗೆ ಕೈಪಿಡಿಯ ಉತ್ತರವೇ ಸಿಗುತ್ತದೆ. ಯೋಜನೆ ತೋರಿಸಿ ಅದರ ಬಗ್ಗೆ ಕೇಳಿದರೆ ಕೈಪಿಡಿಯಲ್ಲಿಲ್ಲದ ಸಂಗತಿಗಳು ಹೊರಬರುತ್ತವೆ. ನೀವು ಸೇರಿದ ವರ್ಷದ ಅಗತ್ಯಗಳೇ ನಿಮಗೆ ಅನ್ವಯಿಸುತ್ತವೆಯೋ, ನಡುವೆ ಬದಲಾದ ಹೊಸವು ಅನ್ವಯಿಸುತ್ತವೆಯೋ ಎಂಬುದು ಮೊದಲ ಪ್ರಶ್ನೆಯಾಗಲಿ. ಯಾವ ಉನ್ನತ ಕೋರ್ಸು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ, ಮುಖ್ಯ ವಿಷಯಗಳಲ್ಲಿ ಇಷ್ಟು ಗ್ರೇಡ್ ಬರಲೇಬೇಕೆಂಬ ನಿಯಮವಿದೆಯೇ, ಗ್ರೇಡಿಲ್ಲದೆ ಬರೀ ಪಾಸ್ ಎಂದು ಮುಗಿಸಿದ ಕೋರ್ಸ್ ಟ್ರ್ಯಾಕಿಗೆ ಲೆಕ್ಕವಾಗುತ್ತದೆಯೇ, ಬೇರೆ ಕಾಲೇಜಿನಿಂದ ತಂದ ಕ್ರೆಡಿಟ್ಟಿಗೆ ಮಿತಿಯೆಷ್ಟು ಎಂಬುವನ್ನೂ ಕೇಳಿ.

ಒಂದು ಕೋರ್ಸಿನ ಬದಲು ಮತ್ತೊಂದನ್ನು ಓದಲು ಅನುಮತಿ ಸಿಕ್ಕಿದರೆ ಅದನ್ನು ಬರಹದಲ್ಲೇ ಪಡೆಯಿರಿ. ಮನಃಶಾಸ್ತ್ರ ವಿಭಾಗದ ಸಂಖ್ಯಾಶಾಸ್ತ್ರವನ್ನು ಗಣಿತದ ಬದಲಿಗೆ ಒಪ್ಪುತ್ತೇವೆ ಎಂದು ಸಲಹೆಗಾರರು ಬಾಯಿಮಾತಿನಲ್ಲಿ ಹೇಳಿ, ಎರಡು ವರ್ಷದ ಬಳಿಕ ಆ ಕುರ್ಚಿಯಲ್ಲಿ ಬೇರೆಯವರು ಕುಳಿತು ದಾಖಲೆ ಕೇಳಿದಾಗ ತೋರಿಸಲು ಏನೂ ಇಲ್ಲದೆ ಕೊನೆಯ ಸೆಮಿಸ್ಟರಿನಲ್ಲಿ ಮತ್ತೊಂದು ಕೋರ್ಸ್ ಓದಬೇಕಾಗಿ ಬಂದ ವಿದ್ಯಾರ್ಥಿಯನ್ನು ನಾನು ಬಲ್ಲೆ. ಆಕೆಗೆ ಬೇಕಾಗಿದ್ದದ್ದು ಎರಡು ಸಾಲಿನ ಒಂದು ಇಮೇಲ್.

ಪದವಿಗೆ ಇನ್ನೂ ಎರಡು ಸೆಮಿಸ್ಟರ್ ಇರುವಾಗಲೇ, ಮುಗಿದ ಮತ್ತು ಬಾಕಿಯಿರುವ ಅಗತ್ಯಗಳ ಅಧಿಕೃತ ಪರಿಶೀಲನೆಯನ್ನು ಒಮ್ಮೆ ಮಾಡಿಸಿ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಕ್ರೆಡಿಟ್ ಕಡಿಮೆಯಿದೆ ಎಂದು ತಿಳಿದರೆ ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕಾಗುತ್ತದೆ. ಎರಡು ಸೆಮಿಸ್ಟರ್ ಮೊದಲು ತಿಳಿದರೆ ಅದೇ ಕ್ರೆಡಿಟ್ಟಿಗೆ ಅಧ್ಯಾಪಕರೊಬ್ಬರ ಬಳಿ ಸ್ವತಂತ್ರ ಅಧ್ಯಯನ ಮಾಡಿ, ಪ್ರಾಜೆಕ್ಟಿನ ಪೂರ್ವಭಾವಿ ಪರೀಕ್ಷೆಯನ್ನು ಮೂರು ನಾಲ್ಕು ಜನರೊಂದಿಗೆ ನಡೆಸಿ ನೋಡಬಹುದು.